ದನದ ಡಬ್ಬಿ ಮತ್ತು ಒಂದು ಗೋಲು

ನಮ್ಮ ಅಡುಗೆಮನೆಯ ಕಿಟಕಿಯ ಬದಿಯ ಮೊಳೆಯಲ್ಲಿ ಒಂದು ಕಾಲುಚೀಲ ನೇತಾಡುತ್ತಿದೆ. ಮೊಣಕಾಲಿನವರೆಗೆ ಬರುವಷ್ಟು ಉದ್ದದ್ದು, ಹಸಿರು ಬಿಳಿ ಪಟ್ಟೆಯದ್ದು. ಅದರೊಳಗೆ ಬೆಳ್ಳುಳ್ಳಿ ತುಂಬಿಸಿಟ್ಟಿದ್ದೇನೆ. ಬೆಳ್ಳುಳ್ಳಿಗೆ ಗಾಳಿಯಾಡಬೇಕು ನೋಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಮೊಳಕೆ ಬರುತ್ತದೆ, ಇದರಲ್ಲಿಟ್ಟದ್ದು ಎಷ್ಟು ದಿನವಾದರೂ ಗಟ್ಟಿಯಾಗಿರುತ್ತದೆ. ಮನೆಗೆ ಬಂದ ಹೆಂಗಸರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ, ಆಮೇಲೆ ನಾನು ಕೊಟ್ಟ ಚಹಾವನ್ನು ಸ್ವಲ್ಪ ಅನುಮಾನದಿಂದ ನೋಡುತ್ತಾರೆ. ತೊಳೆದದ್ದು ಎಂದು ನಾನೇ ಮೊದಲು ಹೇಳಿಬಿಡುತ್ತೇನೆ.

ಕಾಲುಚೀಲ ನನ್ನದಲ್ಲ, ನಮ್ಮ ಮನೆಯವರದ್ದೂ ಅಲ್ಲ. ಅದು ಸ್ಕಾಟ್ಲೆಂಡಿನ ಒಬ್ಬ ಫುಟ್ಬಾಲ್ ಆಟಗಾರ್ತಿಯದ್ದು. ಅವಳು ಫಾರ್ವರ್ಡ್, ಅಂದರೆ ಮುಂದೆ ನಿಂತು ಗೋಲು ಹೊಡೆಯಬೇಕಾದವಳು. ಅವಳು ಒಂದೇ ಒಂದು ಗೋಲು ಹೊಡೆಯಲಿ ಎಂದು ಗಲ್ಫಿನಲ್ಲಿ, ದಮ್ಮಾಮಿನ ಹತ್ತಿರದ ಥುಕ್ಬಾದ ನಮ್ಮ ಈ ಕಟ್ಟಡದಲ್ಲಿ ಎರಡು ಮನೆಯವರು ಪಟ್ಟ ಪಾಡು ಅಲ್ಲಾಹನಿಗೇ ಗೊತ್ತು. ಬೆಳ್ಳುಳ್ಳಿ ಸುಲಿಯುವಾಗ ಅದು ನೆನಪಾಗಿ ಒಬ್ಬಳೇ ನಗುತ್ತೇನೆ. ಬೆಳ್ಳುಳ್ಳಿ ಸುಲಿಯುವಂಥ ಬೇಜಾರಿನ ಕೆಲಸದಲ್ಲಿ ನಗಲು ಒಂದು ಕಾರಣ ಸಿಗುವುದು ಸಣ್ಣ ಅನುಗ್ರಹವೇನಲ್ಲ, ಅಲ್‌ಹಮ್ದುಲಿಲ್ಲಾಹ್.

ಈ ಕತೆ ಅರ್ಥವಾಗಬೇಕಾದರೆ ಮೊದಲು ನಿಮಗೆ ನನ್ನ ಉಮ್ಮನ, ಅಂದರೆ ತಾಯಿಯ, ಒಂದು ನಿಯಮ ಗೊತ್ತಿರಬೇಕು. ಉಳ್ಳಾಲದ ನಮ್ಮ ಮನೆಯಿಂದ ಯಾರ ಪಾತ್ರೆಯೂ ಖಾಲಿಯಾಗಿ ವಾಪಸು ಹೋದದ್ದಿಲ್ಲ. ನೆರೆಮನೆಯವರು ತಟ್ಟೆಯಲ್ಲಿ ಏನಾದರೂ ಕಳಿಸಿದರೆ ಆ ತಟ್ಟೆ ತೊಳೆದು, ಅದರಲ್ಲಿ ನಮ್ಮದೇನಾದರೂ ಇಟ್ಟೇ ಕೊಡಬೇಕು. ಮನೆಯಲ್ಲಿ ಏನೂ ಇಲ್ಲದ ದಿನ ಎರಡು ನಿಂಬೆಹಣ್ಣು, ಅದೂ ಇಲ್ಲದಿದ್ದರೆ ಒಂದು ಹಿಡಿ ನುಗ್ಗೆಸೊಪ್ಪು. ಒಮ್ಮೆ ಬೇಲಿಯಾಚೆಯ ಲಿಲ್ಲಿಬಾಯಿ ಕ್ರಿಸ್ಮಸ್‌ಗೆ ತಟ್ಟೆ ತುಂಬ ಕುಸ್ವಾರ್ ಸಿಹಿತಿಂಡಿ ಕಳಿಸಿದಾಗ ನಮ್ಮಲ್ಲಿ ನುಗ್ಗೆಸೊಪ್ಪೂ ಇರಲಿಲ್ಲ. ಆ ವಾರವಷ್ಟೇ ಗಾಳಿಗೆ ಮರ ಬಿದ್ದಿತ್ತು. ಉಮ್ಮ ನನ್ನನ್ನು ಹಿಂದಿನ ಮನೆಗೆ ಓಡಿಸಿ ನಾಲ್ಕು ಬಾಳೆಹಣ್ಣು ತರಿಸಿದರು. ಹಿಂದಿನ ಮನೆಯವರು ಅದನ್ನು ಅವರ ತಟ್ಟೆಯಲ್ಲಿಟ್ಟು ಕೊಟ್ಟರು. ಈಗ ಆ ತಟ್ಟೆಯನ್ನು ತುಂಬಿಸಬೇಕು. ಅದಕ್ಕೆ ಬೆಲ್ಲ ತರಲು ಮೂರನೆಯ ಮನೆಗೆ ಹೋದೆ, ಅವರು ಬೋಗುಣಿಯಲ್ಲಿ ಕೊಟ್ಟರು. ಸಂಜೆಯಾಗುವಷ್ಟರಲ್ಲಿ ನಮ್ಮ ಅಡುಗೆಮನೆಯಲ್ಲಿ ನಮ್ಮದಲ್ಲದ ಪಾತ್ರೆಗಳೇ ಹೆಚ್ಚಾಗಿ, ಉಪ್ಪ, ಅಂದರೆ ನನ್ನ ತಂದೆ, ಬಂದು "ಎಂತ ಇದು, ಅಂಗಡಿ ಇಟ್ಟಿದ್ದೀರಾ?" ಎಂದು ಕೇಳಿದರು.

ಆದರೆ ನಿಯಮಕ್ಕೆ ಒಂದು ಕೊನೆಯೂ ಉಂಟು. ಪಾತ್ರೆ ಅದರ ಯಜಮಾನಿಯ ಮನೆ ಸೇರಿದರೆ ಅಲ್ಲಿಗೆ ಮುಗಿಯಿತು. ಈ ಎರಡನೆಯ ಭಾಗವನ್ನು ನಾವು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ? ಅಲ್ಲೇ ತಪ್ಪಿದ್ದು.

ಆ ಆಟಗಾರ್ತಿ ನಮ್ಮ ಮೇಲಿನ ಮಾಳಿಗೆಗೆ ಬಂದದ್ದು ಚಳಿ ಶುರುವಾಗುವ ಹೊತ್ತಿಗೆ. ಇಲ್ಲಿಯ ಒಂದು ಹೆಂಗಸರ ಕ್ಲಬ್ಬಿನವರು ಆ ಫ್ಲ್ಯಾಟನ್ನು ಬಾಡಿಗೆಗೆ ಹಿಡಿದಿದ್ದರು. ಕೆಂಪು ಕೂದಲು, ಉದ್ದ ಕಾಲು, ಮೂಗಿನ ಮೇಲೆಲ್ಲ ಕಂದು ಚುಕ್ಕೆ. ಹೆಸರು ಶೀನಾ ಎಂದು ಮಗಳು ಶಿಫಾ ಲಿಫ್ಟಿನಲ್ಲಿ ಕೇಳಿಕೊಂಡು ಬಂದಳು.

ನಮ್ಮ ಮನೆಯವರು ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. "ಶೀನ? ಅದು ಗಂಡಸಿನ ಹೆಸರಲ್ವಾ? ನಮಗೆ ಮೀನು ತರ್ತಿದ್ದ ಶೀನಣ್ಣ ಇರ್ಲಿಲ್ವಾ?"

"ಉಪ್ಪ, ಇವಳು ಸ್ಕಾಟ್ಲೆಂಡಿನ ಶೀನಾ. ಫುಟ್ಬಾಲ್ ಪ್ಲೇಯರ್."

ಫುಟ್ಬಾಲ್ ಎಂದದ್ದೇ ಇವರು ಎದ್ದು ನಿಂತರು. ನಮ್ಮ ಮನೆಯವರು ದಮ್ಮಾಮಿನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಸ್ವಭಾವತಃ ಶಾಂತ ಮನುಷ್ಯ. ಟಿವಿಯಲ್ಲಿ ಫುಟ್ಬಾಲ್ ಇದ್ದರೆ ಮಾತ್ರ ಸೋಫಾದ ಕುಶನ್ನಿಗೆ ಹೊಡೆಯುತ್ತಾರೆ. ನಮ್ಮ ತಲೆಯ ಮೇಲೆಯೇ ಒಬ್ಬ ಫಾರ್ವರ್ಡ್ ವಾಸವಾಗಿದ್ದಾಳೆ ಎಂಬುದು ಅವರಿಗೆ ಮನೆಗೆ ಮಂತ್ರಿ ಬಂದಷ್ಟು ಸಂತೋಷ ಕೊಟ್ಟಿತು.

ನೆರೆಯವರ ಹಕ್ಕು ದೊಡ್ಡದು. ನಾನು ಆ ಶುಕ್ರವಾರ ನೈಪತ್ತಿರ್ ಕರಿದೆ. ಕುಚ್ಚಲಕ್ಕಿ, ತೆಂಗಿನಕಾಯಿ, ಈರುಳ್ಳಿ ರುಬ್ಬಿ, ತಟ್ಟಿ, ಎಣ್ಣೆಯಲ್ಲಿ ಉಬ್ಬಿಸಿ ತೆಗೆಯುವ ರೊಟ್ಟಿ ಅದು. ಜೊತೆಗೆ ಕೋಳಿ ಸಾರು. ಸ್ಟೀಲ್ ಡಬ್ಬಿಯಲ್ಲಿ ತುಂಬಿಸಿ ಶಿಫಾಳ ಕೈಯಲ್ಲಿ ಮೇಲೆ ಕಳಿಸಿದೆ. ಶೀನಾ ಡಬ್ಬಿ ತೊಳೆದು ಕೊಡುತ್ತೇನೆ ಎಂದಳಂತೆ. ನಮ್ಮ ಬುದ್ಧಿವಂತೆ ಮಗಳು, ಇಂಗ್ಲಿಷಿನಲ್ಲಿ ದೊಡ್ಡ ಮುತ್ಸದ್ದಿಯಂತೆ, "ನಮ್ಮಲ್ಲಿ ಪಾತ್ರೆ ಖಾಲಿ ವಾಪಸು ಕೊಡುವ ಕ್ರಮ ಇಲ್ಲ" ಎಂದು ಹೇಳಿ ಬಂದಳು. ನಿಯಮದ ಮೊದಲ ಭಾಗ ಮಾತ್ರ.

ಊರಿನ ಪದ್ಧತಿಗಳಿಗೆ ಮರ್ಯಾದೆ ಕೊಡಬೇಕು ಎಂದು ಕ್ಲಬ್ಬಿನವರು ಅವಳಿಗೆ ಮೊದಲೇ ಹೇಳಿದ್ದರಂತೆ. ಎರಡು ದಿನ ಬಿಟ್ಟು ಅವಳೇ ಕೆಳಗೆ ಬಂದಳು. ನನ್ನ ಸ್ಟೀಲ್ ಡಬ್ಬಿ ಫಳಫಳ ಹೊಳೆಯುತ್ತಿತ್ತು. ಅದರ ಕೆಳಗೆ ಅವಳದೇ ಒಂದು ದುಂಡು ತಗಡಿನ ಡಬ್ಬಿ. ಮುಚ್ಚಳದ ಮೇಲೆ ಕಣ್ಣು ಮುಚ್ಚುವಷ್ಟು ಕೂದಲು ಬಿಟ್ಟ ಒಂದು ದನದ ಚಿತ್ರ. ಅವರ ಊರಿನ ದನಗಳು ಹಾಗೆಯೇ ಇರುವುದಂತೆ, ಕ್ಷೌರದವನು ಸಿಗದ ಹಾಗೆ. ಒಳಗೆ ಅವಳೇ ಸುಟ್ಟ ಬೆಣ್ಣೆ ಬಿಸ್ಕತ್ತು.

ಈಗ ಆ ದನದ ಡಬ್ಬಿ ಅವಳದ್ದು. ಖಾಲಿ ಕೊಡುವುದು ಹೇಗೆ? ಅಕ್ಕಿ ಬೆಲ್ಲದ ಕಲ್ತಪ್ಪ ಮಾಡಿ ಅದರಲ್ಲಿಟ್ಟು ಕಳಿಸಿದೆ. ಡಬ್ಬಿ ಯಜಮಾನಿಯ ಮನೆ ಸೇರಿತು, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ನಾಲ್ಕನೆಯ ದಿನ ದನದ ಡಬ್ಬಿ ಬಿಸ್ಕತ್ತು ತುಂಬಿಕೊಂಡು ಮತ್ತೆ ನಮ್ಮ ಬಾಗಿಲಿಗೆ ಬಂತು. ಪಾಪ, ಹುಡುಗಿಗೆ ನಮ್ಮ ಅಡುಗೆ ಇಷ್ಟವಾಗಿದೆ, ಬಾಯಿ ಬಿಟ್ಟು ಕೇಳಲು ನಾಚಿಕೆ, ಅದಕ್ಕೆ ಡಬ್ಬಿ ಕಳಿಸುತ್ತಾಳೆ ಎಂದು ನಾನು ತಿಳಿದೆ. ಸಮೋಸ ತುಂಬಿಸಿ ಕಳಿಸಿದೆ. ಬಿಸ್ಕತ್ತು ಬಂತು. ಸಕ್ಕರೆ ಪಾಕದ ಮೊಟ್ಟೆಮಾಲೆ ಕಳಿಸಿದೆ. ಬಿಸ್ಕತ್ತು ಬಂತು. ಅಲ್ಲಿ ಅವಳು, ಈ ದೇಶದಲ್ಲಿ ಡಬ್ಬಿ ಕೈಯಲ್ಲಿ ಉಳಿಸಿಕೊಂಡರೆ ಏನೋ ದೊಡ್ಡ ಅಪರಾಧ, ಕೊಟ್ಟದ್ದರಲ್ಲಿ ಒಂದು ತುಣುಕು ಉಳಿಸಿದರೂ ಅವಮಾನ ಎಂದು ತಿಳಿದು, ಅಭ್ಯಾಸ ಮುಗಿಸಿ ಸುಸ್ತಾಗಿ ಬಂದವಳು ರಾತ್ರಿಯೂಟಕ್ಕೆ ನನ್ನ ಇಡೀ ಡಬ್ಬಿ ತಿಂದು ಮುಗಿಸಿ, ಆಮೇಲೆ ಹಿಟ್ಟು ಕಲಸಿ ಬಿಸ್ಕತ್ತು ಸುಡುತ್ತಿದ್ದಳು. ಇದು ನನಗೆ ಆಮೇಲೆ ತಿಳಿದದ್ದು.

ಇಲ್ಲಿ ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ. ಬಿಸ್ಕತ್ತು ಮುಟ್ಟಬಾರದು. ಆದರೆ ಫಾರ್ವರ್ಡ್ ಒಬ್ಬಳು ಸ್ವಂತ ಕೈಯಿಂದ ಸುಟ್ಟ ಬಿಸ್ಕತ್ತನ್ನು ತಿನ್ನದಿದ್ದರೆ ಆಟಕ್ಕೆ ಅವಮಾನವಂತೆ.

"ನಿಮ್ಮ ಶುಗರ್ ಎಷ್ಟುಂಟು ಗೊತ್ತುಂಟಾ?" ಎಂದು ಕೇಳಿದರೆ, "ನೀನು ಪತ್ತಿರ್ ಕಳಿಸುವುದು ನಿಲ್ಲಿಸು, ನನ್ನ ಶುಗರ್ ತನ್ನಿಂದ ತಾನೇ ಇಳಿಯುತ್ತದೆ" ಎನ್ನುತ್ತಿದ್ದರು.

"ಡಬ್ಬಿ ಖಾಲಿ ಕೊಡ್ಲಾ ಹಾಗಾದ್ರೆ?"

ಅವರೂ ಕರಾವಳಿಯವರೇ. ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು.

ಒಂದು ದಿನ ಶೀನಾ ಡಬ್ಬಿ ಹಿಡಿದು ಬಂದಾಗ ನಾನು ನೆಲದಲ್ಲಿ ಕಾಗದ ಹಾಸಿ ಬಂಗುಡೆ ಶುಚಿ ಮಾಡುತ್ತಿದ್ದೆ. ಅವಳ ಮುಖ ಅರಳಿತು. ಕುಕ್ಕರಗಾಲಲ್ಲಿ ಕುಳಿತು, ನನ್ನ ಕೈಯಿಂದ ಚೂರಿ ತೆಗೆದುಕೊಂಡು, ಸರಸರನೆ ಹೊಟ್ಟೆ ಸೀಳಿ ಕರುಳು ತೆಗೆದು ಬದಿಗಿಟ್ಟಳು. ಉಳ್ಳಾಲದ ಹೆಂಗಸರ ಕೈಯೂ ಅಷ್ಟು ಚುರುಕಿಲ್ಲ. ಅವಳ ಅಪ್ಪ ಬೋಟಿನಲ್ಲಿ ಮೀನು ಹಿಡಿಯುವವರಂತೆ. ಅವರ ಸಮುದ್ರದಲ್ಲೂ ಬಂಗುಡೆಯ ಜಾತಿಯದೇ ಮೀನು ಉಂಟಂತೆ. ನನ್ನ ಇಂಗ್ಲಿಷ್ 'ಕಮ್, ಸಿಟ್, ಈಟ್' ಎಂಬಲ್ಲಿಗೆ ನಿಲ್ಲುವುದರಿಂದ ಶಿಫಾ ನಡುವೆ ಕುಳಿತು ಅವಳ ಜೀವನಚರಿತ್ರೆಯನ್ನು ನನಗೆ ದಾಟಿಸಿದಳು.

ಚಿಕ್ಕವಳಿದ್ದಾಗ ಬಂದರಿನ ಕಟ್ಟೆಯ ಮೇಲೆ ಹುಡುಗರ ಜೊತೆ ಆಡುತ್ತಿದ್ದಳಂತೆ. ಬಾಲ್ ನೀರಿಗೆ ಬಿದ್ದರೆ ಒದ್ದವರೇ ಇಳಿದು ತರಬೇಕು, ಆ ನೀರಿನ ಚಳಿಗೆ ಹೆದರಿಯೇ ಗುರಿಯಿಟ್ಟು ಒದೆಯಲು ಕಲಿತಳಂತೆ. ಆಮೇಲೆ ಊರಿನ ತಂಡ, ಪಟ್ಟಣದ ತಂಡ, ಒಂದು ವರ್ಷ ಐಸ್‌ಲ್ಯಾಂಡ್, ಎರಡು ವರ್ಷ ಇಟಲಿ. ಒಂದು ಮೊಣಕಾಲಿಗೆ ಆಪರೇಶನ್. ಆ ಗಾಯದ ಗುರುತನ್ನು ಮೀನಿನ ಕೈಯಲ್ಲೇ ತೋರಿಸಿದಳು.

"ದೇಶಕ್ಕೆ ಆಡಿದ್ದಾಳಾ ಕೇಳು" ಎಂದು ಇವರು ಒಳಗಿನಿಂದ ಕೂಗಿದರು.

ಆಡಿದ್ದಳು, ಒಮ್ಮೆ. ಆಟ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ಅವಳನ್ನು ಒಳಗೆ ಕಳಿಸಿದರಂತೆ. ಅವಳು ಮೈದಾನದ ಈ ಬದಿಗೆ ಓಡಿದಳು, ಬಾಲ್ ಆ ಬದಿಗೆ ಹೋಯಿತು. ಆ ಬದಿಗೆ ಓಡಿದಳು, ಬಾಲ್ ಈ ಬದಿಗೆ ಬಂತು. ಅಷ್ಟರಲ್ಲಿ ಸೀಟಿ ಊದಿದರು. ಬಾಲ್ ಒಮ್ಮೆಯೂ ಅವಳ ಕಾಲಿಗೆ ತಾಗಲಿಲ್ಲ. ಆ ಅಂಗಿಯನ್ನು ಅವಳ ತಾಯಿ ಗಾಜು ಹಾಕಿಸಿ ಗೋಡೆಗೆ ನೇತುಹಾಕಿದ್ದಾರಂತೆ.

ಹೇಳುತ್ತ ಅವಳು ನಕ್ಕಳು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನನ್ನ ಫುಟ್ಬಾಲ್ ಜೀವನ ನೆನಪಾಯಿತು. ಹತ್ತು ವರ್ಷದವಳಿರುವಾಗ ಕಡಲ ಬದಿಯ ಹುಡುಗರ ಬಾಲ್ ನಮ್ಮ ಅಂಗಳಕ್ಕೆ ಬಂದಿತ್ತು. ಉಮ್ಮ ಒಳಗಿದ್ದಾರೆ ಎಂದು ನೋಡಿ, ಲಂಗ ಎತ್ತಿ, ಬೇಲಿಯ ಕಡೆಗೆ ಒದ್ದೆ. ಬಾಲ್ ನೇರ ಹಿಂದಕ್ಕೆ ಹೋಗಿ, ಚಾಪೆಯಲ್ಲಿ ಒಣಹಾಕಿದ್ದ ಮೀನನ್ನೆಲ್ಲ ಹಾರಿಸಿ, ಕೋಳಿಗೂಡಿನ ಬಾಗಿಲು ಮುರಿಯಿತು. ಮುಂದಕ್ಕೆ ಒದ್ದ ಬಾಲ್ ಹಿಂದಕ್ಕೆ ಹೇಗೆ ಹೋಯಿತು ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಆ ಜೀವನ ಅಂದೇ ಶುರುವಾಗಿ ಅಂದೇ ಮುಗಿಯಿತು. ಆದರೂ ಲೆಕ್ಕ ನೋಡಿದರೆ ದೇಶಕ್ಕಾಗಿ ಶೀನಾ ಒದ್ದದ್ದಕ್ಕಿಂತ ಉಳ್ಳಾಲಕ್ಕಾಗಿ ನಾನು ಒಂದು ಒದೆ ಹೆಚ್ಚು ಒದ್ದಿದ್ದೇನೆ. ಶಿಫಾ ಇದನ್ನು ಅವಳಿಗೆ ಹೇಳಿದಾಗ ಶೀನಾ ಬಂಗುಡೆ ಕೆಳಗೆ ಹಾಕಿ ಹೊಟ್ಟೆ ಹಿಡಿದು ನಕ್ಕಳು.

ನಕ್ಕು ಮುಗಿದ ಮೇಲೆ ಹೇಳಿದಳು, ಇಲ್ಲಿಗೆ ಬಂದ ಮೇಲೆ ಒಂದು ಗೋಲೂ ಆಗಿಲ್ಲ. ಕ್ಲಬ್ಬಿನ ಒಪ್ಪಂದ ಈ ಸೀಸನ್ನಿಗೆ ಮಾತ್ರ. ಗೋಲು ಹೊಡೆಯದ ಫಾರ್ವರ್ಡನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದು ಕೋಚ್ ಹೇಳಿಯಾಗಿದೆ. ಈ ವಯಸ್ಸಿಗೆ, ಈ ಮೊಣಕಾಲಿಗೆ ಬೇರೆ ಯಾವ ಕ್ಲಬ್ಬೂ ಕರೆಯುವುದಿಲ್ಲ. ಮತ್ತೆ ಊರಿಗೆ ಹೋಗಿ ಚಿಕ್ಕಮ್ಮನ ಉಣ್ಣೆ ಅಂಗಡಿಯಲ್ಲಿ ನಿಲ್ಲುವುದು. ಶಿಫಾ ಇದನ್ನು ದಾಟಿಸುವಾಗ ಅವಳ ದನಿಯೂ ಸಣ್ಣದಾಗಿತ್ತು.

ಬಡಪಾಯಿ ಹುಡುಗಿಗೆ ಶಕ್ತಿ ಸಾಲದೇ ಹೀಗಾದದ್ದು ಎಂದು ನಾನು ಅಂದು ಡಬ್ಬಿಗೆ ತುಪ್ಪ ಸ್ವಲ್ಪ ಜಾಸ್ತಿಯೇ ಹಾಕಿದೆ.

ನನ್ನ ಕಣ್ಣು ತೆರೆಸಿದ್ದು ಫರ್ಜಾನಾ. ಎದುರಿನ ಮನೆಯ ಭಟ್ಕಳದವಳು. ಗಂಡನಿಗೆ ಬಟ್ಟೆ ಅಂಗಡಿ, ಅವಳಿಗೆ ಹೊಸ ಡ್ರೈವಿಂಗ್ ಲೈಸೆನ್ಸು. ಎಲ್ಲಿಗಾದರೂ ಕಾರು ಓಡಿಸಲು ಒಂದು ನೆಪ ಬೇಕಿತ್ತು. ಶೀನಾಳ ಆಟ ನೋಡಲು ಹೋಗೋಣ ಎಂದಳು. ಶಿಫಾಳನ್ನೂ ಕರೆದುಕೊಂಡು ಹೋದೆವು. ಫರ್ಜಾನಾ ಎಷ್ಟು ಜಾಗ್ರತೆಯಿಂದ ಓಡಿಸುತ್ತಾಳೆಂದರೆ ನಾವು ತಲುಪುವಾಗ ಅರ್ಧ ಆಟ ಮುಗಿದಿತ್ತು.

ಫುಟ್ಬಾಲ್ ಮೈದಾನವನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಇಷ್ಟು ದೊಡ್ಡ ಜಾಗ, ಒಂದೇ ಬಾಲ್. ಶೀನಾ ಮುಂದೆ ಓಡಿದಾಗಲೆಲ್ಲ ಬದಿಯಲ್ಲಿ ನಿಂತ ಒಬ್ಬ ಹುಡುಗಿ ಬಾವುಟ ಎತ್ತಿ ನಿಲ್ಲಿಸುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಬಾವುಟ ಎತ್ತದಿದ್ದಾಗ ಬೇರೆಯವರು ಶೀನಾಳನ್ನು ದಾಟಿ ಹೋಗುತ್ತಿದ್ದರು. ಅವಳು ಓಡುತ್ತಿದ್ದಳು, ಆದರೆ ಗ್ಯಾಸ್ ಸಿಲಿಂಡರ್ ಹೊತ್ತವರು ಮೆಟ್ಟಿಲು ಹತ್ತುವ ಹಾಗೆ.

ಫರ್ಜಾನಾ ಕಣ್ಣು ಸಣ್ಣದು ಮಾಡಿ ನೋಡಿದಳು. "ನಫೀಸಾ, ಇವಳು ಬಂದಾಗ ಕಡ್ಡಿಯ ಹಾಗೆ ಇದ್ದಳಲ್ಲ?"

"ಹೂಂ."

"ಈಗ ನೋಡು. ಹಿಂದಿನಿಂದ ನನ್ನ ಅತ್ತೆಯ ಹಾಗೆ ಕಾಣ್ತಾಳೆ."

ನಾನು ನೋಡಿದೆ. ಆ ಕ್ಷಣದಲ್ಲಿ ನನ್ನ ನೈಪತ್ತಿರ್, ಕಲ್ತಪ್ಪ, ಸಮೋಸ, ಮೊಟ್ಟೆಮಾಲೆ ಎಲ್ಲವೂ ಹಸಿರು ಚಡ್ಡಿ ಹಾಕಿಕೊಂಡು ಮೈದಾನದಲ್ಲಿ ಓಡುತ್ತಿರುವಂತೆ ಕಂಡಿತು.

"ನೀನು ಅವಳಿಗೆ ಎಂತ ತಿನ್ನಿಸ್ತಿದ್ದೀ?" ಎಂದು ಕೇಳಿದಳು.

"ನಾನೆಂತ ಮಾಡುವುದು ಮಾರಾಯ್ತಿ? ಅವಳು ಡಬ್ಬಿ ಕಳಿಸ್ತಾಳೆ."

"ಅವಳು ಯಾಕೆ ಕಳಿಸ್ತಾಳೆ?"

ಆಗ ಶಿಫಾ ಮೆಲ್ಲನೆ, ಪಾತ್ರೆ ಖಾಲಿ ಕೊಡಬಾರದು ಎಂದು ತಾನೇ ಹೇಳಿದ್ದನ್ನು ಬಿಡಿಸಿ ಹೇಳಿದಳು. "ಅವಳು ಅದು ಇಲ್ಲಿಯ ರೂಲ್ ಅಂತ ತಿಳ್ಕೊಂಡಿದ್ದಾಳೆ ಉಮ್ಮ. ನಾನು ಪಾಸ್ ಮಾಡಿದ್ದು ಅಷ್ಟೇ."

ಫರ್ಜಾನಾ ನನ್ನನ್ನು ನೋಡಿದಳು, ಮೈದಾನವನ್ನು ನೋಡಿದಳು, ಮುಖಕ್ಕೆ ದುಪಟ್ಟಾ ಒತ್ತಿ ಹಿಡಿದು ಅಲುಗಾಡುತ್ತ ನಗತೊಡಗಿದಳು. "ಯಾ ಅಲ್ಲಾಹ್. ಎದುರು ತಂಡದವರು ನಿನಗೆ ಸಂಬಳ ಕೊಡಬೇಕು."

ಅಂದೂ ಗೋಲಾಗಲಿಲ್ಲ. ಇನ್ನು ಉಳಿದದ್ದು ಸೀಸನ್ನಿನ ಕೊನೆಯ ಒಂದು ಆಟ.

ಮನೆಗೆ ಬಂದು ಇವರಿಗೆ ಹೇಳಿದೆ. ತೂಕವೊಂದೇ ಅಲ್ಲ, ಬಾವುಟದ ವಿಷಯವೂ ಉಂಟು ಎಂದು ಇವರು ಮೇಜಿನ ಮೇಲೆ ಬಿಸ್ಕತ್ತುಗಳನ್ನು ಸಾಲಾಗಿ ಇಟ್ಟು ಆಫ್‌ಸೈಡ್ ಕಲಿಸಲು ಕುಳಿತರು. ಉಪ್ಪಿನ ಡಬ್ಬಿ ಶೀನಾ. ಎರಡು ಬಿಸ್ಕತ್ತು ಎದುರು ತಂಡದ ಕಾವಲಿನವರು. ಚಹಾ ಲೋಟ ಗೋಲ್‌ಕೀಪರ್. "ಈಗ ನೋಡು, ಬಾಲ್ ಬರುವ ಮೊದಲು ಇವಳು ಈ ಬಿಸ್ಕತ್ತನ್ನು ದಾಟಿ ನಿಂತರೆ ತಪ್ಪು."

"ಯಾವ ಬಿಸ್ಕತ್ತು?"

ಅವರು ಕೆಳಗೆ ನೋಡಿದರು. ವಿವರಿಸುತ್ತ ಅದನ್ನು ತಿಂದುಬಿಟ್ಟಿದ್ದರು. ಆಫ್‌ಸೈಡ್ ಇಂದಿಗೂ ನನಗೆ ಅರ್ಥವಾಗಿಲ್ಲ.

ದನದ ಡಬ್ಬಿ ಆಗ ನಮ್ಮ ಮನೆಯಲ್ಲಿತ್ತು. ನಾನು ಅದನ್ನು ತೊಳೆದು ಒರಸಿ ಎದುರಿಗಿಟ್ಟುಕೊಂಡು ಕುಳಿತೆ. ಹೋಗಿ ಬಾಯಿಯಲ್ಲಿ ಹೇಳಬಹುದಲ್ಲ ಎಂದು ನೀವು ಕೇಳಬಹುದು. ಏನೆಂದು ಹೇಳಲಿ? ನೀನು ದಪ್ಪಗಾಗಿದ್ದೀ, ಇನ್ನು ತಿನ್ನಬೇಡ ಎಂದೇ? ಉಣಿಸಿದ ಕೈಯಿಂದಲೇ ತಟ್ಟೆ ಎಳೆದುಕೊಂಡ ಹಾಗೆ ಆಗುವುದಿಲ್ಲವೇ? ಅದೂ ಶಿಫಾಳ ಬಾಯಿಯಿಂದ? ಡಬ್ಬಿಯನ್ನು ಇಟ್ಟುಕೊಂಡೇ ಬಿಡೋಣವೆಂದರೆ ಅದು ಅವಳ ಅಜ್ಜಿಯದ್ದಂತೆ. ಉಳಿದದ್ದು ಒಂದೇ ದಾರಿ. ಖಾಲಿ ಡಬ್ಬಿ ಕೊಡುವುದು. ಖಾಲಿ ಕೊಟ್ಟರೆ ಅವಳಿಗೆ ತುಂಬಿಸುವ ಹಂಗಿಲ್ಲ, ನನಗೆ ಕಳಿಸುವ ಹಂಗಿಲ್ಲ, ಕೊನೆಯ ಆಟದವರೆಗಾದರೂ ಹುಡುಗಿಯ ಹೊಟ್ಟೆಗೆ ವಿಶ್ರಾಂತಿ.

ಹೇಳುವುದು ಸುಲಭ. ಮೆಟ್ಟಿಲು ಹತ್ತುವಾಗ ಡಬ್ಬಿ ತೀರಾ ಹಗುರವಾಗಿತ್ತು. ಅರ್ಧದಾರಿಯಲ್ಲಿ ಹಿಂದೆ ಬಂದು ಒಂದು ನಿಂಬೆಹಣ್ಣು ಹಾಕಿದೆ. ಮತ್ತೆ ಮೇಲೆ ಹೋಗಿ, ನಿಂಬೆಹಣ್ಣು ಹಾಕಿದರೆ ಅವಳು ಮತ್ತೆ ಬಿಸ್ಕತ್ತು ಸುಡುತ್ತಾಳಲ್ಲ ಎಂದು ತೆಗೆದು ಅಬಾಯಾದ ಕಿಸೆಗೆ ಹಾಕಿಕೊಂಡೆ. ಬಿಸ್ಮಿಲ್ಲಾಹ್ ಎಂದು ಬೆಲ್ ಒತ್ತಿದೆ.

ಶೀನಾ ಡಬ್ಬಿ ತೆಗೆದುಕೊಂಡಳು. ತೂಕ ನೋಡಿದಳು. ಮುಚ್ಚಳ ತೆಗೆದಳು. ತುಂಬ ಹೊತ್ತು ಒಳಗೆ ನೋಡುತ್ತ ನಿಂತಳು. ನಾನು ಏನಾದರೂ ಹೇಳಬೇಕೆಂದು ನನ್ನ ಇಂಗ್ಲಿಷನ್ನೆಲ್ಲ ಹುಡುಕಿದೆ. ಕಮ್, ಸಿಟ್, ಈಟ್. ಮೂರೂ ಉಪಯೋಗಕ್ಕೆ ಬರುವಂತಿರಲಿಲ್ಲ. ಅವಳ ಎದೆಯತ್ತ ಬೆರಳು ತೋರಿಸಿ, "ಗೋಲ್" ಎಂದೆ. ಅವಳು ನನ್ನನ್ನು ನೋಡಿ ನಿಧಾನವಾಗಿ ತಲೆಯಾಡಿಸಿ, ಮುಚ್ಚಳ ಹಾಕಿ, ಡಬ್ಬಿಯನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ನನಗೆ ಅಳು ಬಂತು. ಕೆಳಗೆ ಬಂದು ಎರಡು ರಕಅತ್ ನಮಾಝ್ ಮಾಡಿದೆ.

ದುವಾ ಬೇಡುವಾಗ ಒಂದು ಕಷ್ಟ ಎದುರಾಯಿತು. ಇವಳಿಗೆ ಗೋಲು ಕೊಡು ಎಂದು ಕೇಳಿದರೆ, ಆ ಕಡೆಯ ಗೋಲ್‌ಕೀಪರಿನ ತಾಯಿಯೂ ನಮಾಝಿನ ಮುಸಲ್ಲಾ ಹಾಸಿ ಕುಳಿತಿರುತ್ತಾಳೆ. ಅವಳೂ ತಾಯಿಯೇ. ಕೊನೆಗೆ, ಯಾರಿಗೂ ನೋವಾಗದ ಹಾಗೆ, ಯಾರದ್ದೂ ತಪ್ಪು ಎನಿಸದ ಹಾಗೆ ಒಂದು ಬಾಲ್ ಹೇಗಾದರೂ ಒಳಗೆ ಹೋಗಲಿ ಎಂದು ಕೇಳಿದೆ.

ಕೊನೆಯ ಆಟಕ್ಕೆ ಫರ್ಜಾನಾ ನಮ್ಮನ್ನು ಬೇಗನೇ ಹೊರಡಿಸಿದಳು. ಇವರಿಗೆ ಗೋದಾಮಿನಲ್ಲಿ ಡ್ಯೂಟಿ. ಘಳಿಗೆಗೊಮ್ಮೆ ಫೋನು.

"ಆಯ್ತಾ?"

"ಈಗ ಮೈದಾನಕ್ಕೆ ಬಂದದ್ದಷ್ಟೇ."

"ಆಯ್ತಾ?"

"ಇನ್ನೂ ಆಟ ಶುರುವಾಗ್ಲಿಲ್ಲ ಮಾರ್ರೆ. ಫೋನಿಡಿ."

ಶುರುವಾಯಿತು. ಶೀನಾ ಓಡಿದಳು, ಬಾವುಟ ಎದ್ದಿತು. ಒಮ್ಮೆ ಒದ್ದಳು, ಬಾಲ್ ಕಂಬಕ್ಕೆ ತಾಗಿ ಹೊರಗೆ ಹೋಯಿತು. ಫರ್ಜಾನಾ ನನ್ನ ತೋಳು ಚಿವುಟಿದಳು. ಇನ್ನೊಮ್ಮೆ ತಲೆಯಿಂದ ಹೊಡೆದಳು, ಕೀಪರ್ ಹಿಡಿದಳು. ಬೆಂಚಿನಲ್ಲಿ ಕೋಚ್ ಎದ್ದು ನಿಂತು ಇನ್ನೊಬ್ಬ ಹುಡುಗಿಗೆ ತಯಾರಾಗಲು ಹೇಳಿದಳು. ಶೀನಾಳನ್ನು ಹೊರಗೆ ಕರೆಯುವುದಕ್ಕೇ ಅದು ಎಂದು ಶಿಫಾ ಹೇಳಿದಳು. ನಾನು ಕಿಸೆಗೆ ಕೈ ಹಾಕಿದೆ, ಆ ದಿನದ ನಿಂಬೆಹಣ್ಣು ಅಲ್ಲೇ ಇತ್ತು. ಅದನ್ನೇ ಹಿಡಿದುಕೊಂಡು ಕುಳಿತೆ.

ಅಷ್ಟರಲ್ಲಿ ಮೂಲೆಯಿಂದ ಒಂದು ಬಾಲ್ ಒದ್ದರು. ಗೋಲಿನ ಎದುರು ಹೆಂಗಸರೆಲ್ಲ ಒಂದೇ ಕಡೆ ಗುಂಪಾದರು. ನಮ್ಮೂರಿನಲ್ಲಿ ಮದುವೆಯ ಬಿರಿಯಾನಿ ಬಡಿಸಲು ಶುರು ಮಾಡಿದಾಗ ಆಗುವ ಹಾಗೆ. ಬಾಲ್ ಎಲ್ಲಿದೆ ಎಂದು ಶೀನಾ ಗೋಲಿಗೆ ಬೆನ್ನು ಹಾಕಿ ಹುಡುಕುತ್ತಿದ್ದಳು. ಅದು ಅವಳ ಹಿಂದೆಯೇ ಇತ್ತು. ಎದುರು ತಂಡದ ಒಬ್ಬಳು ಬಾಲನ್ನು ದೂರ ಕಳಿಸಲು ಬಲವಾಗಿ ಒದ್ದಳು. ಅದು ನೇರವಾಗಿ ಬಂದು ಶೀನಾಳ ಹಿಂಭಾಗಕ್ಕೆ, ಅಂದರೆ ಕುಳಿತುಕೊಳ್ಳುವ ಭಾಗಕ್ಕೆ, ದೊಪ್ಪೆಂದು ಬಡಿದು, ಬಂದ ದಾರಿಯಲ್ಲೇ ತಿರುಗಿ, ನಿಧಾನವಾಗಿ, ಯಾರಿಗೂ ನೋವಾಗದಂತೆ, ಬಲೆಯೊಳಗೆ ಉರುಳಿಕೊಂಡು ಹೋಯಿತು.

ಒಂದು ಕ್ಷಣ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಶೀನಾಳಿಗಂತೂ ತಿಳಿಯಲೇ ಇಲ್ಲ, ಹಿಂದೆ ಕೈ ಇಟ್ಟು ಉಜ್ಜಿಕೊಳ್ಳುತ್ತ ನಿಂತಿದ್ದಳು. ಅವಳ ತಂಡದವರು ಬಂದು ಮೇಲೆ ಬಿದ್ದಾಗಲೇ ಗೊತ್ತಾದದ್ದು. ಸೀಟಿ ಊದಿದರು. ಬಾವುಟದ ಹುಡುಗಿ ಬಾವುಟ ಎತ್ತಲಿಲ್ಲ, ಅವಳಿಗೆ ಒಳ್ಳೆಯ ಗಂಡ ಸಿಗಲಿ.

ದುವಾ ಕೇಳುವಾಗ ಹೇಗಾದರೂ ಎಂದಿದ್ದೆ. ಯಾವ ಭಾಗದಿಂದ ಎಂದು ಹೇಳಿರಲಿಲ್ಲ.

ಫೋನು ಬಂತು. "ಆಯ್ತಾ?"

"ಆಯ್ತು."

"ಹೇಗೆ? ಕಾಲಿಂದಲಾ, ತಲೆಯಿಂದಲಾ?"

ಗಂಡನಾದರೂ ಫೋನಿನಲ್ಲಿ ಹೇಳುವ ಮಾತಲ್ಲ. "ಮನೆಗೆ ಬನ್ನಿ, ಹೇಳ್ತೇನೆ" ಎಂದೆ.

ಹಿಂದೆ ಬರುವಾಗ ಫರ್ಜಾನಾ ಕಾರು ಓಡಿಸುತ್ತ ಸಿಗ್ನಲ್ಲಿನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ನಫೀಸಾ, ಒಂದು ವಿಷಯ ಹೇಳ್ತೇನೆ. ಬಂದಾಗ ಇದ್ದ ಶೀನಾ ಆಗಿದ್ದರೆ ಆ ಬಾಲ್ ಬದಿಯಿಂದ ಹೊರಗೆ ಹೋಗ್ತಿತ್ತು."

"ಸುಮ್ಮನಿರು ಮಾರಾಯ್ತಿ, ಮಗಳು ಇದ್ದಾಳೆ."

"ಇರಲಿ, ಕೇಳಲಿ. ಆ ಗೋಲು ಹೊಡೆದದ್ದು ನಿನ್ನ ಪತ್ತಿರ್."

ಹಿಂದಿನ ಸೀಟಿನಲ್ಲಿ ಶಿಫಾ ಎಷ್ಟು ನಕ್ಕಳೆಂದರೆ ಬಿಕ್ಕಳಿಕೆ ಹತ್ತಿತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹೊಸಿಲಲ್ಲಿ ದನದ ಡಬ್ಬಿ. ಮತ್ತೆ ಬಿಸ್ಕತ್ತು ಬಂತು ಎಂದುಕೊಂಡೆ. ಮುಚ್ಚಳ ತೆಗೆದೆ. ಬಿಸ್ಕತ್ತಲ್ಲ. ಮಣ್ಣು, ಬೆವರು, ಹುಲ್ಲಿನ ಚೂರು ಅಂಟಿದ ಹಸಿರು ಬಿಳಿ ಪಟ್ಟೆಯ ಒಂದು ಕಾಲುಚೀಲ. ಆ ವಾಸನೆಗೆ ಮುಚ್ಚಳದ ಮೇಲಿನ ದನಕ್ಕೂ ತಲೆ ತಿರುಗಿರಬೇಕು.

ಹಿಂದೆಯೇ ಶೀನಾ ಇಳಿದು ಬಂದಳು. ಕಣ್ಣು ಊದಿಕೊಂಡಿತ್ತು, ಮುಖದ ತುಂಬ ನಗು. ಕ್ಲಬ್ಬಿನವರು ಇನ್ನೊಂದು ಸೀಸನ್ನಿಗೆ ಇರು ಎಂದಿದ್ದಾರಂತೆ. ಗೋಲು ಹೇಗೆ ಹೋಯಿತೆಂದು ಕಾಗದದಲ್ಲಿ ಬರೆಯುವುದಿಲ್ಲವಲ್ಲ, ಹೋಯಿತು ಎಂದಷ್ಟೇ ಬರೆಯುತ್ತಾರೆ. ಅವಳು ಹೇಳಿದ್ದನ್ನು ಶಿಫಾ ನನಗೆ ಹೇಳಿದಳು. "ಉಮ್ಮ, ನೀವು ಖಾಲಿ ಡಬ್ಬಿ ಕೊಟ್ಟದ್ದು ಯಾಕೆ ಅಂತ ಅವಳಿಗೆ ಅರ್ಥ ಆಯ್ತಂತೆ. ಇಷ್ಟು ದಿನ ಬಿಸ್ಕತ್ತು ತುಂಬಿಸಿದ್ದು ಸಾಕು, ಇನ್ನು ಇದರಲ್ಲಿ ಗೋಲು ತುಂಬಿಸಿ ತಾ ಅಂತ ನೀವು ಹೇಳಿದ್ದಂತೆ. ರಾತ್ರಿಯಿಡೀ ಆ ಡಬ್ಬಿಯನ್ನೇ ನೋಡ್ತಾ ಇದ್ಲಂತೆ. ಗೋಲು ಡಬ್ಬಿಯಲ್ಲಿ ಹಿಡಿಯುವುದಿಲ್ಲ, ಅದಕ್ಕೆ ಕಾಲುಚೀಲ."

ಚಡ್ಡಿ ಕಳಿಸಲಿಲ್ಲವಲ್ಲ, ಅಷ್ಟು ಮಟ್ಟಿಗೆ ಅಲ್ಲಾಹನು ಕಾಪಾಡಿದ ಎಂದುಕೊಂಡೆ.

ಶೀನಾ ನನ್ನನ್ನು ಅಪ್ಪಿಕೊಂಡಳು. ನಾನು ಏನನ್ನೂ ತಿದ್ದಲಿಲ್ಲ. ಅವಳು ಮೇಲೆ ಹೋದ ಮೇಲೆ ಇವರ ಹತ್ತಿರ ಕೇಳಿದೆ, "ಅವಳು ಹಾಗೆ ತಿಳ್ಕೊಂಡಿದ್ದಾಳೆ, ನಾನು ಸುಮ್ಮನಿದ್ದೆ. ಇದು ಸುಳ್ಳು ಹೇಳಿದ ಹಾಗೆ ಆಗ್ತದಾ?"

ಇವರು ಪೇಪರಿನಿಂದ ತಲೆಯೆತ್ತಲಿಲ್ಲ. "ಈ ಮನೆಯಲ್ಲಿ ನೀನು ಸುಮ್ಮನಿದ್ದದ್ದು ಇದೇ ಮೊದಲು. ಅದನ್ನು ಹಾಳು ಮಾಡಬೇಡ."

ಕಾಲುಚೀಲವನ್ನು ಡೆಟ್ಟಾಲಿನಲ್ಲಿ ನೆನೆಸಿ ತೊಳೆದು ಬಿಸಿಲಿಗೆ ಹಾಕಿದೆ. ಎಸೆಯಲು ಮನಸ್ಸು ಬರಲಿಲ್ಲ. ಅವಳ ತಾಯಿಯ ಹಾಗೆ ಗಾಜು ಹಾಕಿಸಲು ನಮ್ಮಲ್ಲಿ ಗೋಡೆ ಖಾಲಿಯಿಲ್ಲ. ಬೆಳ್ಳುಳ್ಳಿಗಾಯಿತು.

ಬೇಸಗೆಗೆ ಶೀನಾ ಊರಿಗೆ ಹೋದಳು. ಹೋಗುವ ಮೊದಲು ಶಿಫಾ ಅವಳಿಗೆ ನಿಯಮದ ಎರಡನೆಯ ಭಾಗವನ್ನು ಸರಿಯಾಗಿ ಹೇಳಿಕೊಟ್ಟಳು. ಪಾತ್ರೆ ಯಜಮಾನಿಯ ಮನೆ ಸೇರಿದರೆ ಮುಗಿಯಿತು ಎಂದು. ಶೀನಾ ಗಂಭೀರವಾಗಿ ಕೇಳಿಸಿಕೊಂಡು, ಹಾಗಾದರೆ ತನ್ನ ಡಬ್ಬಿ ಇನ್ನೂ ಯಜಮಾನಿಯ ಮನೆ ಸೇರಲಿಲ್ಲವಲ್ಲ ಎಂದು ಕೇಳಿ, ಕಣ್ಣು ಮಿಟುಕಿಸಿ ಹೋದಳು. ಆ ದಿನ ಕೋಚ್ ಕಳಿಸಿದ ಸಂದೇಶವನ್ನೂ ನನಗೆ ತೋರಿಸಿದ್ದಳು. ಮುಂದಿನ ಸೀಸನ್ನಿಗೆ ಬರುವಾಗ ತೂಕ ಇಳಿಸಿಕೊಂಡು ಬಾ, ಊಟದಲ್ಲಿ ಸೌತೆಕಾಯಿ ಹೆಚ್ಚಿರಲಿ ಎಂದಿತ್ತು.

ಇವತ್ತು ಸಂಜೆಯ ಅಸರ್ ಬಾಂಗ್ ಆಗುವ ಹೊತ್ತಿಗೆ ಮೇಲಿನ ಮಾಳಿಗೆಯಲ್ಲಿ ಸೂಟ್‌ಕೇಸಿನ ಚಕ್ರ ಉರುಳುವ ಸದ್ದು ಕೇಳಿಸಿತು. ದನದ ಡಬ್ಬಿಯನ್ನು ಕಪಾಟಿನಿಂದ ಇಳಿಸಿ ಒರಸಿಟ್ಟೆ. ಫ್ರಿಜ್ಜಿನಲ್ಲಿ ಸೌತೆಕಾಯಿ ಇದೆ, ಇವರೇ ತಂದಿಟ್ಟದ್ದು, ಕೋಚ್ ಹೇಳಿದ್ದು ನೆನಪಿರಲಿ ಎಂದು ಎರಡು ಸಲ ಹೇಳಿಯೂ ಹೋಗಿದ್ದಾರೆ. ನೆನಪಿದೆ. ಮೇಲಿನ ಪದರಕ್ಕೆ ಸೌತೆಕಾಯಿಯನ್ನೇ ಹೆಚ್ಚಿ ಹಾಕುತ್ತೇನೆ.

ಅಡಿಯ ಪದರದ ಪತ್ತಿರ್‌ಗೆ ಅಕ್ಕಿ ನೆನೆಹಾಕಿದ್ದೇನೆ.